ಐದು ಮತ್ತು ಹನ್ನೊಂದು: ಸೂಜಿ ಬಯಾಪ್ಸಿಯ ಗ್ರೇಡ್ ನಂಬಿ ಕಾಯಬಹುದಾ?

ನಾನು ಪ್ಯಾಥಾಲಜಿಸ್ಟ್. ರೋಗಿಗಳ ಮುಖ ನೋಡುವುದು ಕಡಿಮೆ, ಅವರ ದೇಹದಿಂದ ಬಂದ ಚೂರುಗಳನ್ನು ನೋಡುವುದೇ ಜಾಸ್ತಿ. ಈ ಪ್ರಕರಣದಲ್ಲೂ ಮೊದಲು ಬಂದದ್ದು ಆಕೆಯಲ್ಲ, ಆಕೆಯ ಮಗ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಮೇಣದ ಬ್ಲಾಕು, ಟಿಶ್ಯೂ ಪೇಪರಿನಲ್ಲಿ ಸುತ್ತಿದ ಸ್ಲೈಡುಗಳು, ಮಡಿಸಿ ಮಡಿಸಿ ಗೆರೆ ಬಿದ್ದಿದ್ದ ಒಂದು ಹಾಳೆಯ ರಿಪೋರ್ಟ್. ಬೇರೆ ಊರಿನ ಲ್ಯಾಬ್‌ನದು. ಅದರಲ್ಲಿ ಒಂದು ಸಾಲಿಗೆ ಅವನೇ ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದ: ಇನ್ವೇಸಿವ್ ಡಕ್ಟಲ್ ಕಾರ್ಸಿನೋಮ (ಸ್ತನ ಕ್ಯಾನ್ಸರಿನ ಸಾಮಾನ್ಯ ಬಗೆ), ಗ್ರೇಡ್ 2.

"ಮೇಡಂ, ಎರಡು ಅಂದ್ರೆ ಇನ್ನೂ ಟೈಮ್ ಇದೆ ಅಲ್ವಾ?"

ಅವನಿಗೆ ಟೈಮ್ ಯಾಕೆ ಬೇಕಿತ್ತು ಅಂತ ಮೊದಲು ಹೇಳಬೇಕು. ಇಲ್ಲಿ ಬರುವ ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ 58 ವರ್ಷ. ಮಲೆನಾಡಿನ ಅಂಚಿನ ಹಳ್ಳಿ, ಸ್ವಲ್ಪ ಅಡಿಕೆ ತೋಟ. ಮುಟ್ಟು ನಿಂತು ಏಳೆಂಟು ವರ್ಷ ಆಗಿತ್ತು. ಮಳೆ ಶುರುವಾದಾಗ ಎಡ ಸ್ತನದಲ್ಲಿ, ಬಗಲಿನ ಕಡೆಗೆ, ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ, ಹಾಗಾಗಿ ಸುಮ್ನೆ ಇದ್ದರು. ದೀಪಾವಳಿ ಹೊತ್ತಿಗೆ ಅದು ಸಣ್ಣ ನಿಂಬೆಕಾಯಿಯಷ್ಟಾಗಿತ್ತು. ಅಲ್ಟ್ರಾಸೌಂಡ್‌ನಲ್ಲಿ ಅಳತೆ 2.6 ಸೆಂಟಿಮೀಟರ್. ಬಗಲಿನ ಗ್ರಂಥಿಗಳಲ್ಲಿ ಅನುಮಾನ ಬರುವಂಥದ್ದು ಏನೂ ಕಾಣಲಿಲ್ಲ. ಸೂಜಿ ಬಯಾಪ್ಸಿ ಆಯಿತು. ಗೆಡ್ಡೆ ಹಾರ್ಮೋನ್‌ಗೆ ಸ್ಪಂದಿಸುತ್ತದಾ ಅಂತ ತೋರಿಸುವ ಇಆರ್ ಮತ್ತು ಪಿಆರ್ ಎರಡೂ ಪಾಸಿಟಿವ್, ಇಆರ್ ಅಂತೂ ನೂರರಲ್ಲಿ 90 ಕೋಶಗಳಲ್ಲಿ ಗಟ್ಟಿಯಾಗಿತ್ತು. ಕ್ಯಾನ್ಸರ್ ಬೆಳೆಸುವ ಹರ್-2 ಪ್ರೋಟೀನ್ ನೆಗೆಟಿವ್. ಕೋಶಗಳು ಎಷ್ಟು ಬೇಗ ಹೆಚ್ಚುತ್ತಿವೆ ಅಂತ ತೋರಿಸುವ ಕಿ-67 ಶೇಕಡಾ 25.

ಆಗ ಅಡಿಕೆ ಕೊಯ್ಲು ಶುರುವಾಗುವ ಸಮಯ. ಸುಲಿಯುವವರು, ಬೇಯಿಸುವವರು, ಒಣಗಿಸುವವರು, ಎಲ್ಲರ ಊಟ ತಿಂಡಿ ಆಕೆಯ ತಲೆ ಮೇಲೆ. ವರ್ಷದ ದುಡ್ಡು ಬರುವುದೇ ಆ ಮೂರು ನಾಲ್ಕು ತಿಂಗಳಲ್ಲಿ. "ಕೊಯ್ಲು ಮುಗಿಲಿ, ಆಮೇಲೆ ಕೊಯ್ಯಿರಿ" ಅಂದಿದ್ದರಂತೆ ಸರ್ಜನ್ ಹತ್ತಿರ.

ಅದು ತಳ್ಳಿಹಾಕುವಂಥ ಬೇಡಿಕೆ ಆಗಿರಲಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಹಾರ್ಮೋನ್‌ಗೆ ಗಟ್ಟಿಯಾಗಿ ಸ್ಪಂದಿಸುವ ಗೆಡ್ಡೆ ಇದ್ದರೆ ಮೊದಲು ಹಾರ್ಮೋನ್ ತಗ್ಗಿಸುವ ಲೆಟ್ರೋಜೋಲ್ ಮಾತ್ರೆ ಕೊಟ್ಟು, ನಾಲ್ಕರಿಂದ ಆರು ತಿಂಗಳು ನೋಡಿ, ಆಮೇಲೆ ಆಪರೇಷನ್ ಮಾಡುವ ದಾರಿ ಇದೆ. ಗೆಡ್ಡೆ ನಿಧಾನದ್ದು ಅಂತ ಗೊತ್ತಿದ್ದರೆ ಧೈರ್ಯವಾಗಿ ಹಿಡಿಯಬಹುದಾದ ದಾರಿ. ನಮ್ಮ ಸರ್ಜನ್ ಅದರತ್ತ ಸ್ವಲ್ಪ ವಾಲಿದ್ದರು ಕೂಡ. ಆದರೂ ಫೋನ್ ಮಾಡಿ ಕೇಳಿದರು: "ಆ ಗ್ರೇಡ್ 2 ಎಷ್ಟು ಗಟ್ಟಿ? ಒಮ್ಮೆ ನೋಡಿ ಹೇಳ್ತೀರಾ?"

ಆ ಫೋನ್ ಬಂದದ್ದಕ್ಕೆ ನನಗೆ ಇವತ್ತಿಗೂ ಸಮಾಧಾನವಿದೆ.

ಗ್ರೇಡ್ ಅಂದರೆ ಸ್ಟೇಜ್ ಅಲ್ಲ

ಮಗನಿಗೆ ಮೊದಲು ಬಿಡಿಸಿ ಹೇಳಬೇಕಾದದ್ದು ಇದನ್ನೇ. ಸ್ಟೇಜ್ ಅಂದರೆ ಕ್ಯಾನ್ಸರ್ ಎಷ್ಟು ದೂರ ಹೋಗಿದೆ ಅನ್ನುವ ಲೆಕ್ಕ: ಗಂಟಿನ ಗಾತ್ರ, ಬಗಲಿನ ಗ್ರಂಥಿ, ಬೇರೆ ಅಂಗಗಳು. ಗ್ರೇಡ್ ಅಂದರೆ ಅದರ ಸ್ವಭಾವ. ಕೋಶಗಳು ಮೂಲ ಸ್ತನದ ಕೋಶಗಳನ್ನು ಎಷ್ಟು ಹೋಲುತ್ತವೆ, ಎಷ್ಟು ಬೇಗ ಮರಿ ಹಾಕುತ್ತಿವೆ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿ ಕೊಡುವ ಅಂಕ. ಸಣ್ಣ ಗಂಟಿಗೂ ಗ್ರೇಡ್ 3 ಇರಬಹುದು. ದೊಡ್ಡ ಗಂಟಿಗೆ ಗ್ರೇಡ್ 1 ಇರಬಹುದು.

ಈಗ ಎಲ್ಲ ಕಡೆ ಬಳಸುವುದು ನಾಟಿಂಗ್‌ಹ್ಯಾಮ್ ಪದ್ಧತಿ. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ಕೊಟ್ಟಿದ್ದ ಲೆಕ್ಕವನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಲ್ಸ್ಟನ್ ಮತ್ತು ಎಲ್ಲಿಸ್ ತಿದ್ದಿ, 1991ರಲ್ಲಿ ಪ್ರಕಟಿಸಿದರು. ಮೂರು ವಿಷಯ ನೋಡುತ್ತೇವೆ, ಒಂದೊಂದಕ್ಕೂ 1ರಿಂದ 3 ಅಂಕ. ಗೆಡ್ಡೆಯಲ್ಲಿ ಕೋಶಗಳು ಸರಿಯಾಗಿ ಕೊಳವೆ ಕಟ್ಟಿಕೊಂಡಿವೆಯಾ ಅನ್ನುವುದು ಒಂದು. ಮುಕ್ಕಾಲು ಪಾಲಿಗಿಂತ ಜಾಸ್ತಿ ಕೊಳವೆ ಇದ್ದರೆ 1, ಹತ್ತನೇ ಒಂದು ಭಾಗವೂ ಇಲ್ಲದಿದ್ದರೆ 3. ನ್ಯೂಕ್ಲಿಯಸ್‌ಗಳು ಎಷ್ಟು ವಿಕಾರವಾಗಿವೆ ಅನ್ನುವುದು ಇನ್ನೊಂದು. ಮೂರನೆಯದು ಮೈಟೋಸಿಸ್, ಅಂದರೆ ಇಬ್ಭಾಗವಾಗುತ್ತಿರುವ ಕೋಶಗಳ ಎಣಿಕೆ. ಮೂರನ್ನೂ ಕೂಡಿಸಿದಾಗ 5ರವರೆಗೆ ಬಂದರೆ ಗ್ರೇಡ್ 1. 6 ಅಥವಾ 7 ಬಂದರೆ ಗ್ರೇಡ್ 2. 8 ಅಥವಾ 9 ಬಂದರೆ ಗ್ರೇಡ್ 3.

ನೋಡಿ, 6 ಕೂಡ ಗ್ರೇಡ್ 2, 7 ಕೂಡ ಗ್ರೇಡ್ 2. ಆದರೆ 6ಕ್ಕೂ ಗ್ರೇಡ್ 3ಕ್ಕೂ ನಡುವೆ ಎರಡು ಮೆಟ್ಟಿಲು, 7ಕ್ಕೆ ಒಂದೇ ಮೆಟ್ಟಿಲು. ಮಗ ತಂದಿದ್ದ ರಿಪೋರ್ಟ್‌ನಲ್ಲಿ ಈ ಮೂರು ಅಂಕಗಳೇ ಇರಲಿಲ್ಲ. ಬರೀ "ಗ್ರೇಡ್ 2" ಅಂತಿತ್ತು. ಇದು ನನಗೆ ಬೇಜಾರು ತರಿಸುವ ವಿಷಯ. ಎಣಿಸಿದವರಿಗೆ ಆ ಅಂಕ ಗೊತ್ತೇ ಇರುತ್ತದೆ. ಬರೆಯಲು ಅರ್ಧ ಸಾಲು ಸಾಕು.

ಶಾವಿಗೆ ಎಳೆಯಲ್ಲಿ ಕಂಡದ್ದು

ಸೂಜಿ ಬಯಾಪ್ಸಿ ಅಂದರೆ ಇಲ್ಲಿ ಕೋರ್ ಬಯಾಪ್ಸಿ. ಸಾಮಾನ್ಯವಾಗಿ 14 ಗೇಜ್ ಸೂಜಿ, ಹೊರ ಅಗಲ 2.1 ಮಿಲಿಮೀಟರ್. ಸ್ಪ್ರಿಂಗ್ ಬಿಟ್ಟಾಗ ಟಪ್ ಅಂತ ಸದ್ದಾಗಿ ಒಳಗೆ ಹೋಗಿ ಒಂದು ಎಳೆ ಕತ್ತರಿಸಿಕೊಂಡು ಬರುತ್ತದೆ. ಚೂರು ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರಾವಣದ ಬಾಟಲಿಯಲ್ಲಿ ಅದು ನೆನೆದ ಶಾವಿಗೆಯ ಹಾಗೆ ತೇಲುತ್ತದೆ. ಆಕೆಯಿಂದ ಅಂಥ ನಾಲ್ಕು ಎಳೆ ತೆಗೆದಿದ್ದರು. ಉದ್ದದ್ದು 15 ಮಿಲಿಮೀಟರ್.

ಒಂದು ಸಣ್ಣ ಲೆಕ್ಕ ಮಾಡಿದೆ. 2.6 ಸೆಂಟಿಮೀಟರ್ ಗಂಟನ್ನು ದುಂಡಗಿನ ಚೆಂಡು ಅಂದುಕೊಂಡರೆ ಅದರ ಗಾತ್ರ ಸುಮಾರು 9 ಘನ ಸೆಂಟಿಮೀಟರ್. ನಾಲ್ಕೂ ಎಳೆ ಸೇರಿಸಿದರೆ ಹೆಚ್ಚೆಂದರೆ 0.12. ನೂರರಲ್ಲಿ ಒಂದು ಭಾಗ ಚಿಲ್ಲರೆ. ಕ್ಯಾನ್ಸರ್ ಇದೆಯಾ ಇಲ್ಲವಾ ಅಂತ ಹೇಳಲು ಅಷ್ಟು ಧಾರಾಳವಾಗಿ ಸಾಕು. ಇಆರ್, ಪಿಆರ್, ಹರ್-2 ನೋಡಲೂ ಸಾಕು. ಅವುಗಳಲ್ಲಿ ಸೂಜಿಯ ಫಲಿತಾಂಶಕ್ಕೂ ಆಪರೇಷನ್ ನಂತರದ ಫಲಿತಾಂಶಕ್ಕೂ ಬಹಳ ಸಲ ತಾಳೆಯಾಗುತ್ತದೆ. ಸಣ್ಣ ಚೂರಿಗೆ ಫಾರ್ಮಲಿನ್ ಬೇಗ ಇಳಿಯುವುದರಿಂದ ಬಣ್ಣ ಹಾಕುವ ಪರೀಕ್ಷೆಗಳಿಗೆ ಸೂಜಿಯ ಚೂರೇ ವಾಸಿ ಅನ್ನುವವರೂ ಇದ್ದಾರೆ. ತೊಂದರೆ ಬರುವುದು ಗ್ರೇಡ್‌ನಲ್ಲಿ.

ಸ್ಲೈಡ್ ಇಟ್ಟೆ. ಮೊದಲ ಎರಡು ಅಂಕಗಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೊಳವೆ ಅನ್ನುವಂಥದ್ದು ಎಲ್ಲೂ ಇಲ್ಲ, ಕೋಶಗಳು ಗುಂಪು ಗುಂಪಾಗಿ, ಸಾಲು ಸಾಲಾಗಿ ನುಗ್ಗಿದ್ದವು: 3. ನ್ಯೂಕ್ಲಿಯಸ್‌ಗಳು ಮಾಮೂಲಿ ಕೋಶದ ನ್ಯೂಕ್ಲಿಯಸ್‌ನ ಎರಡರಷ್ಟಕ್ಕಿಂತ ದೊಡ್ಡವು, ಒಂದರ ಹಾಗೆ ಇನ್ನೊಂದಿಲ್ಲ, ಒಳಗೆ ದಪ್ಪ ಚುಕ್ಕಿ: ಅದಕ್ಕೂ 3.

ಆಮೇಲೆ ಮೈಟೋಸಿಸ್. ಇದಕ್ಕೆ ಕೂತು ಎಣಿಸಬೇಕು. 40ರ ಲೆನ್ಸ್ ಹಾಕಿ, ಅತಿ ಜಾಸ್ತಿ ಚಟುವಟಿಕೆ ಇರುವ ಜಾಗ ಹುಡುಕಿ, ಅಲ್ಲಿಂದ ಹತ್ತು ಫೀಲ್ಡ್. ಇಬ್ಭಾಗವಾಗುವ ಕೋಶದಲ್ಲಿ ನ್ಯೂಕ್ಲಿಯಸ್‌ನ ಪೊರೆ ಹೋಗಿರುತ್ತದೆ, ಕ್ರೋಮೋಸೋಮುಗಳು ನಡುವೆ ಕಪ್ಪು ಪಟ್ಟಿಯಾಗಿ ನಿಂತಿರುತ್ತವೆ. ಅಂಚು ನುಣುಪಾಗಿರುವುದಿಲ್ಲ, ಪುಟ್ಟ ಕಂಬಳಿಹುಳುವಿನ ಹಾಗೆ ಕೂದಲು ಕೂದಲು. ಸಾಯುತ್ತಿರುವ ಕೋಶವೂ ಕಪ್ಪಗೇ ಇರುತ್ತದೆ, ಆದರೆ ಅದು ದುಂಡಗೆ, ನುಣ್ಣಗೆ, ಸುತ್ತ ಗಾಢ ಗುಲಾಬಿ. ಅದನ್ನು ಎಣಿಸಬಾರದು. ಸೂಜಿ ಎಳೆದಾಗ ಅಂಚಿನಲ್ಲಿ ಜಜ್ಜಿಹೋದ ಕೋಶಗಳಂತೂ ಏನೆಂದೇ ಗೊತ್ತಾಗುವುದಿಲ್ಲ. ಅವನ್ನೂ ಬಿಡಬೇಕು.

ನನಗೆ ಸಿಕ್ಕಿದ್ದು ಐದು. ನನ್ನ ಮೈಕ್ರೋಸ್ಕೋಪಿನ ಫೀಲ್ಡ್ 0.50 ಮಿಲಿಮೀಟರ್ ಅಗಲ. ಆ ಅಗಲಕ್ಕೆ 7ರವರೆಗೆ ಎಣಿಕೆ ಬಂದರೆ 1 ಅಂಕ, 8ರಿಂದ 14 ಇದ್ದರೆ 2, 15 ಅಥವಾ ಜಾಸ್ತಿ ಇದ್ದರೆ 3. ಹಿರಿಯ ಸಹೋದ್ಯೋಗಿಯೊಬ್ಬರಿಗೆ ನನ್ನ ಎಣಿಕೆ ಹೇಳದೆ ಸ್ಲೈಡ್ ಕೊಟ್ಟೆ. ಅವರಿಗೆ ಆರು ಸಿಕ್ಕಿತು. ಯಾರ ಲೆಕ್ಕ ಹಿಡಿದರೂ 1 ಅಂಕವೇ.

3, 3, 1. ಒಟ್ಟು 7. ಗ್ರೇಡ್ 2. ಮೊದಲ ಲ್ಯಾಬ್ ಹೇಳಿದ್ದೇ ಸರಿ.

ಆದರೆ ನನಗೆ ಆ 1 ಸರಿ ಅನಿಸಲಿಲ್ಲ. ಕೋಶಗಳು ಅಷ್ಟು ವಿಕಾರ, ಕೊಳವೆ ಒಂದೂ ಇಲ್ಲ, ಕಿ-67 ಶೇಕಡಾ 25. ಐದು ತಿಂಗಳಲ್ಲಿ ಅವರೆಕಾಳು ನಿಂಬೆಕಾಯಿ ಆಗಿದೆ. ಇಂಥ ಗೆಡ್ಡೆಯಲ್ಲಿ ಇಬ್ಭಾಗವಾಗುವ ಕೋಶ ಇಷ್ಟು ಕಡಿಮೆಯಾ? ಇರಬಹುದು. ಆದರೆ ಸೂಜಿ ಅವು ಇರುವ ಜಾಗಕ್ಕೆ ಹೋಗದೇ ಇದ್ದಿರಬಹುದು ಅನ್ನುವುದೂ ಅಷ್ಟೇ ನಿಜ.

ಇದು ಬರೀ ನನ್ನ ಅನುಮಾನವಲ್ಲ. ಸೂಜಿಯ ಗ್ರೇಡನ್ನೂ ಆಪರೇಷನ್ ನಂತರದ ಗ್ರೇಡನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2016ರಲ್ಲಿ ಒಂದು ವಿಶ್ಲೇಷಣೆ ಬಂತು. ಸುಮಾರು 5000 ರೋಗಿಗಳ ಲೆಕ್ಕ. ನೂರರಲ್ಲಿ ಸುಮಾರು 71 ಜನರಲ್ಲಿ ಎರಡೂ ಗ್ರೇಡ್ ಒಂದೇ. ಸುಮಾರು 19 ಜನರಲ್ಲಿ ಸೂಜಿ ಕಡಿಮೆ ಹೇಳಿತ್ತು. 9 ಜನರಲ್ಲಿ ಜಾಸ್ತಿ ಹೇಳಿತ್ತು. ಅಂದರೆ ಸೂಜಿ ತಪ್ಪಿದಾಗ ಹೆಚ್ಚಾಗಿ ತಪ್ಪುವುದು ಕೆಳಗಿನ ಕಡೆಗೆ. ಮೂರು ಅಂಕಗಳಲ್ಲಿ ಮುಖ್ಯವಾಗಿ ಕೈಕೊಡುವುದು ಮೈಟೋಸಿಸ್. ಗೆಡ್ಡೆ ಬೆಳೆಯುವುದು ಅಂಚಿನಲ್ಲಿ. ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವವರು ಗುರಿ ಇಡುವುದು ನಡುವಿಗೆ. ನಡು ಎಷ್ಟೋ ಸಲ ಗಾಯ ಒಣಗಿದ ಜಾಗದ ಹಾಗೆ ನಾರುನಾರಾಗಿರುತ್ತದೆ.

ಎಲ್ಲ ರೋಗಿಗಳಿಗೂ ಇದು ಇಷ್ಟು ಮುಖ್ಯ ಆಗುವುದಿಲ್ಲ. ಹರ್-2 ಪಾಸಿಟಿವ್ ಇದ್ದರೆ, ಮೂರೂ ನೆಗೆಟಿವ್ ಇದ್ದರೆ, ಇಷ್ಟು ಗಾತ್ರದ ಗಂಟಿಗೆ ಹೇಗೂ ಕೀಮೋ ಬರುತ್ತದೆ. ಗ್ರೇಡ್ 2 ಇರಲಿ 3 ಇರಲಿ, ದಾರಿ ಅದೇ. ಆಕೆಯ ಹಾಗೆ ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಇರುವವರಲ್ಲಿ ಮಾತ್ರ ಗ್ರೇಡ್ ನಿಜವಾಗಿ ತಕ್ಕಡಿಯ ಒಂದು ಬದಿಗೆ ಕೂರುತ್ತದೆ. ಇನ್ನೊಂದು ಮಾತು. ಮೊದಲೇ ಔಷಧಿ ಕೊಟ್ಟುಬಿಟ್ಟರೆ ಗೆಡ್ಡೆಯ ಚಹರೆ ಬದಲಾಗುತ್ತದೆ. ಕೋಶಗಳು ಉಬ್ಬುತ್ತವೆ, ಸಾಯುತ್ತವೆ, ಇಬ್ಭಾಗವಾಗುವುದು ಕಡಿಮೆಯಾಗುತ್ತದೆ. ಆಮೇಲೆ ಆಪರೇಷನ್ ಮಾಡಿ ಇಡೀ ಗೆಡ್ಡೆ ನನ್ನ ಟೇಬಲ್ಲಿಗೆ ಬಂದರೂ ಅದರ ಮೂಲ ಗ್ರೇಡ್ ಏನಿತ್ತು ಅಂತ ಹೇಳಲಾರೆ. ಆಗ ಫೈಲಿನಲ್ಲಿ ಕೊನೆತನಕ ಉಳಿಯುವುದು ಆ ಶಾವಿಗೆ ಎಳೆಯ ಗ್ರೇಡ್ ಮಾತ್ರ.

ನಾನು ರಿಪೋರ್ಟ್‌ನಲ್ಲಿ ಬರೆದೆ: "ಅಂಕ 3+3+1, ಒಟ್ಟು 7. ಈ ಚೂರುಗಳಲ್ಲಿ ಕಂಡಂತೆ ಕನಿಷ್ಠ ಗ್ರೇಡ್ 2." ಕನಿಷ್ಠ ಅನ್ನುವ ಪದದ ಕೆಳಗೆ ಗೆರೆ ಎಳೆದೆ.

ಎಲ್ಲ ವಿಭಾಗದ ವೈದ್ಯರು ಕೂತು ಚರ್ಚಿಸುವ ಬುಧವಾರದ ಟ್ಯೂಮರ್ ಬೋರ್ಡ್‌ನಲ್ಲಿ ಹೆಚ್ಚು ವಾದ ಆಗಲಿಲ್ಲ. ಮಾತ್ರೆ ಕೊಟ್ಟು ಕಾಯುವುದು ತಪ್ಪಲ್ಲ, ಆದರೆ ಈ ಗೆಡ್ಡೆಯಲ್ಲಿ ಕಾಯುವುದಕ್ಕೆ ನಮ್ಮ ಹತ್ತಿರ ಇರುವ ಆಧಾರ ತೆಳು ಅಂತ ಎಲ್ಲರೂ ಒಪ್ಪಿದರು. ಇನ್ನೊಮ್ಮೆ ಅಂಚಿಗೆ ಚುಚ್ಚಿ ನೋಡೋಣವಾ ಅಂತ ಒಬ್ಬರು ಕೇಳಿದರು. ಅದರಲ್ಲೂ ಐದೇ ಸಿಕ್ಕರೆ ಏನು ಮಾಡುವುದು? ಆಪರೇಷನ್ ಮಾಡಲು ಯಾವ ಅಡ್ಡಿಯೂ ಇಲ್ಲದಾಗ ಇಡೀ ಗೆಡ್ಡೆಯನ್ನೇ ನೋಡುವುದು ವಾಸಿ.

ಆಕೆಯನ್ನು ಒಪ್ಪಿಸಿದ್ದು ನಾವಲ್ಲ. ಅಕ್ಕಪಕ್ಕದ ಮನೆಯವರು. ಅಡುಗೆ ನಾವು ನೋಡ್ಕೋತೀವಿ ಅಂದರಂತೆ.

ಗೆಡ್ಡೆ ಟೇಬಲ್ಲಿಗೆ ಬಂದ ದಿನ

ಆಕೆ ಪೂರ್ತಿ ಸ್ತನ ತೆಗೆಯುವ ಆಪರೇಷನ್ನೇ ಆರಿಸಿಕೊಂಡರು. ಗಂಟು ಮಾತ್ರ ತೆಗೆದರೆ ರೇಡಿಯೇಷನ್‌ಗೆ ಮೂರು ವಾರ ದಿನಾ ಓಡಾಡಬೇಕು, ಅದು ಬೇಡ ಅಂದರು. ನಮ್ಮ ಹಳ್ಳಿಗಳ ಎಷ್ಟೋ ಹೆಂಗಸರು ಬಸ್ಸಿನ ದೂರ ನೋಡಿ ಹೀಗೆ ತೀರ್ಮಾನ ಮಾಡುತ್ತಾರೆ. ಮನಸ್ಸಿಗೆ ಕಷ್ಟವಾಗುತ್ತದೆ.

ಥಿಯೇಟರ್‌ಗೆ ಮೊದಲೇ ಹೇಳಿಟ್ಟಿದ್ದೆ: ತೆಗೆದ ಸಮಯ ಬರೆಯಿರಿ, ತಕ್ಷಣ ಕಳಿಸಿ. ಹೊರಗೆ ಉಳಿದಷ್ಟು ಹೊತ್ತು ಕೋಶಗಳು ಹಾಳಾಗುತ್ತವೆ, ಮೈಟೋಸಿಸ್ ಗುರುತಿಸುವುದೇ ಕಷ್ಟವಾಗುತ್ತದೆ. ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹೋಗಬೇಕು, 6 ಗಂಟೆಗಿಂತ ಕಡಿಮೆ ಅಲ್ಲ, 72 ಗಂಟೆಗಿಂತ ಜಾಸ್ತಿ ಅಲ್ಲ, ಅಷ್ಟು ಹೊತ್ತು ಅದರಲ್ಲಿ ಇರಬೇಕು. ಸುಮ್ನೆ ಇಡಿಯಾಗಿ ಮುಳುಗಿಸಿದರೆ ಆಗುವುದಿಲ್ಲ, ಕೊಬ್ಬಿನ ಒಳಗೆ ಫಾರ್ಮಲಿನ್ ಬೇಗ ಇಳಿಯುವುದಿಲ್ಲ. ಹೋಳು ಮಾಡಿ ಹಾಕಬೇಕು. ಸಲೈನ್ ಬಾಟಲಿಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಗೆಡ್ಡೆಗಳನ್ನು ನೋಡಿ ನೋಡಿ ಈ ವಿಷಯದಲ್ಲಿ ನಾನು ಹಟಮಾರಿ ಆಗಿದ್ದೇನೆ.

18 ನಿಮಿಷಕ್ಕೆ ಬಂತು. ಚಾಕು ಹಾಕಿದಾಗ ಕಾಯಿ ಸೀಬೆ ಕತ್ತರಿಸಿದ ಹಾಗೆ ಕರಕರ ಅಂತು. ಒಳಗೆ ಬೂದು ಬಿಳುಪಿನ ಗೆಡ್ಡೆ, ನಕ್ಷತ್ರದ ಹಾಗೆ ಕಾಲು ಚಾಚಿತ್ತು. ಅಳತೆ 2.8 ಸೆಂಟಿಮೀಟರ್. ನಡುವಿನಲ್ಲಿ ಸೂಜಿ ಹೋದ ಗುರುತು ಕೆಂಪಗೆ ಕಾಣುತ್ತಿತ್ತು. ಬಗಲಿನ ಸೆಂಟಿನೆಲ್ ಗ್ರಂಥಿ (ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗ್ರಂಥಿ) ಮೂರು, ಮೂರರಲ್ಲೂ ಕ್ಯಾನ್ಸರ್ ಇರಲಿಲ್ಲ.

ಗೆಡ್ಡೆಯ ನಡುವಿನಿಂದಲೂ ನಾಲ್ಕು ದಿಕ್ಕಿನ ಅಂಚಿನಿಂದಲೂ ಚೂರು ತೆಗೆದು ಸ್ಲೈಡ್ ಮಾಡಿಸಿದೆ. ನಡುವಿನ ಸ್ಲೈಡ್‌ನಲ್ಲಿ ನಾರು ಜಾಸ್ತಿ, ಕೋಶ ಕಡಿಮೆ. ಹತ್ತು ಫೀಲ್ಡ್‌ನಲ್ಲಿ ನಾಲ್ಕು ಮೈಟೋಸಿಸ್. ಮೂರು ಅಂಚುಗಳಲ್ಲಿ ಐದು, ಆರು, ಐದು. ಬಗಲಿನ ಕಡೆಯ ಅಂಚಿನ ಸ್ಲೈಡ್ ಇಟ್ಟ ಕೂಡಲೇ ನೋಟ ಬೇರೆ. ಕೋಶಗಳು ಕಿಕ್ಕಿರಿದಿವೆ, ನಾರಿಲ್ಲ, ಒಂದು ಫೀಲ್ಡ್‌ನಲ್ಲೇ ಮೂರು ಕಂಬಳಿಹುಳು. ಹತ್ತು ಫೀಲ್ಡ್‌ಗೆ ಹನ್ನೊಂದು. ಇನ್ನೊಮ್ಮೆ ಎಣಿಸಿದೆ, ಹನ್ನೊಂದೇ.

ಮೈಟೋಸಿಸ್ ಅಂಕ 1ರಿಂದ 2ಕ್ಕೆ ಹೋಯಿತು. ಒಟ್ಟು 8. ಗ್ರೇಡ್ 3.

ಐದಕ್ಕೂ ಹನ್ನೊಂದಕ್ಕೂ ವ್ಯತ್ಯಾಸ ಆರು ಕೋಶ. ಕಣ್ಣಿಗೆ ಕಾಣದ ಆರು ಕೋಶ.

ಅವತ್ತೇ ಹಳೆಯ ಬಯಾಪ್ಸಿ ಸ್ಲೈಡ್ ಮತ್ತೆ ತೆಗೆದು ಎಣಿಸಿದೆ. ಉತ್ತರ ಗೊತ್ತಿದ್ದರೆ ಕಣ್ಣು ತಾನಾಗಿ ಜಾಸ್ತಿ ಹುಡುಕುತ್ತದೆ, ಆದರೂ ನೋಡಬೇಕು ಅನಿಸಿತು. ಐದೇ ಸಿಕ್ಕಿತು. ಅಲ್ಲಿ ಅಷ್ಟೇ ಇತ್ತು.

"ಹಾಗಾದ್ರೆ ಮೊದಲನೇ ರಿಪೋರ್ಟ್ ಸುಳ್ಳಾ?"

ಮಗ ಇದನ್ನು ಕೇಳುತ್ತಾನೆ ಅಂತ ಗೊತ್ತಿತ್ತು. ಇಲ್ಲ ಅಂದೆ. ಅವರು ಎಣಿಸಿದ್ದು ಸರಿ, ನಾನು ಎಣಿಸಿದ್ದೂ ಸರಿ, ಸೂಜಿ ತಂದದ್ದು ಅಷ್ಟೇ ಅಂತ ವಿವರಿಸುತ್ತಿದ್ದೆ. ಅವನೇ ನಡುವೆ ಹೇಳಿದ: "ಮಂಡಿಯಲ್ಲಿ ಭತ್ತದ ಮೂಟೆಗೆ ಕೊಳವೆ ಚುಚ್ಚಿ ನೋಡ್ತಾರಲ್ಲ, ಹಾಗೆ. ಬಂದ ಕಾಳು ಚೆನ್ನಾಗಿದ್ರೆ ಮೂಟೆಯೇ ಚೆನ್ನಾಗಿದೆ ಅಂತ ರೇಟ್ ಕಟ್ತಾರೆ. ಮೂಲೆಯಲ್ಲಿ ಏನಿದೆಯೋ ಗೊತ್ತಾಗಲ್ಲ." ಆಮೇಲೆ ನಾನು ಬೇರೆ ರೋಗಿಗಳಿಗೂ ಇದನ್ನೇ ಹೇಳುತ್ತಿದ್ದೇನೆ.

ಗ್ರೇಡ್ ಮೇಲೆ ಹೋಗಿದ್ದರಿಂದ ಹರ್-2 ಪರೀಕ್ಷೆಯನ್ನು ಗೆಡ್ಡೆಯ ಮೇಲೆ ಇನ್ನೊಮ್ಮೆ ಮಾಡಿಸಿದೆ. ಸೂಜಿಯಲ್ಲಿ ನೆಗೆಟಿವ್ ಬಂದು, ಗೆಡ್ಡೆ ಗ್ರೇಡ್ 3 ಅಂತ ಆದಾಗ ಹೀಗೆ ಮತ್ತೆ ನೋಡುವುದಕ್ಕೆ ಮಾರ್ಗಸೂಚಿಯಲ್ಲಿ ಅವಕಾಶ ಇದೆ. ಮತ್ತೆ ನೆಗೆಟಿವ್ ಬಂತು.

ರೋಗ ಮುಂದೆ ಹೇಗೆ ಸಾಗಬಹುದು ಅಂತ ಅಂದಾಜು ಮಾಡಲು ನಾಟಿಂಗ್‌ಹ್ಯಾಮ್‌ನವರದೇ ಇನ್ನೊಂದು ಹಳೆಯ ಸೂತ್ರ ಇದೆ. ಸೆಂಟಿಮೀಟರ್‌ನಲ್ಲಿ ಗಾತ್ರವನ್ನು 0.2ರಿಂದ ಗುಣಿಸಿ, ಗ್ರಂಥಿಯ ಅಂಕ (ಆಕೆಗೆ 1) ಮತ್ತು ಗ್ರೇಡ್ ಕೂಡಿಸುವುದು. ಗ್ರೇಡ್ 2 ಅಂತ ಹಾಕಿದ್ದರೆ ಆಕೆಗೆ 3.56 ಬರುತ್ತಿತ್ತು. ಗ್ರೇಡ್ 3 ಹಾಕಿದಾಗ 4.56. ಎರಡೂ ಮಧ್ಯಮ ಗುಂಪೇ, ಆದರೆ ಆ ಗುಂಪಿನ ಎರಡು ಬೇರೆ ಬೇರೆ ಅರ್ಧ. ಕೀಮೋ ಬೇಕಾ ಬೇಡವಾ ಅನ್ನುವ ಪ್ರಶ್ನೆ ಈಗ ಎದುರು ಬಂದು ನಿಂತಿತು.

ಇಂಥ ಕಡೆ ಗೆಡ್ಡೆಯ ಜೀನ್ ನೋಡುವ ಪರೀಕ್ಷೆ ಸಹಾಯ ಮಾಡುತ್ತದೆ. ಅಮೆರಿಕಕ್ಕೆ ಕಳಿಸುವ 21 ಜೀನ್‌ಗಳ ಪರೀಕ್ಷೆಗೆ ಲಕ್ಷಗಳಲ್ಲಿ ಖರ್ಚು, ಕೊಯ್ಲಿನ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆ ಭಾರತದಲ್ಲೇ ರೂಪಿಸಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಅನ್ನುವ ಪರೀಕ್ಷೆಗೆ ಕಳಿಸಿದೆವು. ಅದು ಐದು ಪ್ರೋಟೀನ್‌ಗಳನ್ನು ನೋಡುತ್ತದೆ, ಜೊತೆಗೆ ಗೆಡ್ಡೆಯ ಗಾತ್ರ, ಗ್ರಂಥಿಯ ಸ್ಥಿತಿ ಮತ್ತು ಗ್ರೇಡ್ ಸೇರಿಸಿ ಅಪಾಯ ಕಡಿಮೆಯೋ ಜಾಸ್ತಿಯೋ ಅಂತ ಹೇಳುತ್ತದೆ. ಅರ್ಜಿಯಲ್ಲಿ ಗ್ರೇಡ್ ಬರೆಯುವ ಜಾಗ ಬಂದಾಗ ನನ್ನ ಪೆನ್ನು ಒಂದು ಕ್ಷಣ ನಿಂತಿತು. ಇಷ್ಟು ಹೊಸ ಪರೀಕ್ಷೆಯ ಒಳಗೂ ನಮ್ಮ ಹಳೆಯ ಎಣಿಕೆ ಹೋಗಿ ಕೂರುತ್ತದೆ. 3 ಅಂತ ಬರೆದೆ.

ಅಪಾಯ ಜಾಸ್ತಿ ಅಂತ ಬಂತು. ಮೂರು ವಾರಕ್ಕೊಂದರಂತೆ ನಾಲ್ಕು ಕೀಮೋ ಕೊಟ್ಟರು. ಎರಡನೆಯದಾದ ಮೇಲೆ ಕೂದಲು ಪೂರ್ತಿ ಹೋಯಿತು, ಮೂರನೆಯದಕ್ಕೆ ಜ್ವರ ಬಂದು ನಾಲ್ಕು ದಿನ ವಾರ್ಡಿನಲ್ಲಿದ್ದರು. ಈಗ ಲೆಟ್ರೋಜೋಲ್ ನಡೆಯುತ್ತಿದೆ, ಐದು ವರ್ಷದ ಲೆಕ್ಕ. ಮೊನ್ನೆ ಚೆಕಪ್‌ಗೆ ಬಂದವರು ಲ್ಯಾಬ್ ಹುಡುಕಿಕೊಂಡು ಬಂದು, "ನನ್ನ ಗಂಟು ಎಣಿಸಿದೋರು ನೀವೇನಾ" ಅಂತ ಕೇಳಿದರು. ಬಗಲಿನ ಕಡೆಯ ಆ ಸ್ಲೈಡ್ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಬಣ್ಣ ಚೆನ್ನಾಗಿದೆ" ಅಂದರು.

ಮೊದಲ ರಿಪೋರ್ಟ್ ಕೊಟ್ಟಿದ್ದ ಲ್ಯಾಬ್‌ನ ಪ್ಯಾಥಾಲಜಿಸ್ಟ್‌ಗೆ ನಾನು ಆಗಲೇ ಫೋನ್ ಮಾಡಿ ಫಲಿತಾಂಶ ತಿಳಿಸಿದ್ದೆ. ತಪ್ಪು ಹುಡುಕಲು ಮಾಡಿದ ಫೋನ್ ಅಲ್ಲ ಅಂತ ಅವರಿಗೂ ಅರ್ಥವಾಯಿತು. ಮೂರು ಅಂಕವನ್ನೂ ಬರೆಯಿರಿ ಅಂತ ಕೇಳಿಕೊಂಡೆ. ನಮ್ಮ ರೇಡಿಯಾಲಜಿಸ್ಟ್ ಈಗ ನಾಲ್ಕು ಎಳೆಯಲ್ಲಿ ಒಂದನ್ನಾದರೂ ಗೆಡ್ಡೆಯ ಅಂಚು ಸೇರುವ ಹಾಗೆ ತೆಗೆಯುತ್ತಾರೆ. ಅದರಿಂದ ವ್ಯತ್ಯಾಸ ಪೂರ್ತಿ ಹೋಗುವುದಿಲ್ಲ, ಆದರೆ ನನಗೆ ನೋಡಲು ಸರಿಯಾದ ಜಾಗ ಸಿಗುತ್ತದೆ.

ಕಳೆದ ವಾರ ಆ ಲ್ಯಾಬ್‌ನಿಂದ ಇನ್ನೊಬ್ಬರ ಬ್ಲಾಕ್ ಬಂತು. ಗ್ರೇಡ್ ಪಕ್ಕದಲ್ಲಿ 3+2+1 ಅಂತ ಬರೆದಿತ್ತು. ಯಾವ ಅಗಲದ ಫೀಲ್ಡ್‌ನಲ್ಲಿ ಎಣಿಸಿದ್ದು ಅಂತ ಮಾತ್ರ ಇರಲಿಲ್ಲ. ಮತ್ತೆ ಫೋನ್ ಮಾಡಿದೆ.